ಆಟದ ತರಗತಿಯಿಂದ ಸ್ಪರ್ಧಾ ತಂಡಕ್ಕೆ: ಜಿಮ್ನಾಸ್ಟಿಕ್ಸ್ ಕಲಿಯುವ ಮಕ್ಕಳ ಆರೋಗ್ಯ

ಮಕ್ಕಳನ್ನು ಜಿಮ್ನಾಸ್ಟಿಕ್ಸ್ ತರಗತಿಗೆ ಸೇರಿಸುವ ರೂಢಿ ಈಗ ಬೆಂಗಳೂರಿನಂತಹ ನಗರಗಳಲ್ಲಿ ಕಾಣುತ್ತಿದೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿಯೂ ಅದರ ಮಾತು ಕೇಳಿಬರುತ್ತದೆ. ವಾರಕ್ಕೆ ಒಂದೆರಡು ಗಂಟೆ ಮಗು ಮೆತ್ತನೆಯ ಹಾಸಿನ ಮೇಲೆ ಉರುಳಿ, ಲಾಗ ಹಾಕಿ, ಕಂಬಿಗೆ ಜೋತುಬಿದ್ದು, ಬೆವರಿ, ನಗುತ್ತ ಮನೆಗೆ ಬರುತ್ತದೆ. ಈ ಹಂತದ ಬಗ್ಗೆ ವೈದ್ಯರಾದ ನಮಗೆ ಯಾವ ಆಕ್ಷೇಪವೂ ಇಲ್ಲ. ಮೊಬೈಲ್ ಹಿಡಿದು ಕುಳಿತ ಮಗುವಿಗಿಂತ ಕೈಮೇಲೆ ನಿಲ್ಲಲು ಹೆಣಗುವ ಮಗುವೇ ಲೇಸು. ಆದರೆ ವರ್ಷದೊಳಗೆ ಒಂದು ದಿನ ತರಬೇತುದಾರರು ತಂದೆತಾಯಿಯರನ್ನು ಪಕ್ಕಕ್ಕೆ ಕರೆದು, “ನಿಮ್ಮ ಮಗಳಿಗೆ ಈ ವಿದ್ಯೆ ಒಲಿಯುವಂತಿದೆ, ಸ್ಪರ್ಧಾ ತಂಡಕ್ಕೆ ಸೇರಿಸಿಕೊಳ್ಳುತ್ತೇವೆ” ಎನ್ನುತ್ತಾರೆ. ಆ ಸಂತೋಷದ ಗಳಿಗೆಯಲ್ಲಿ ಕೇಳಲೇಬೇಕಾದ ಕೆಲವು ಪ್ರಶ್ನೆಗಳು ಮರೆತುಹೋಗುತ್ತವೆ.

ಮೊದಲಿಗೆ, ಆಯ್ಕೆ ಹೇಗೆ ನಡೆಯುತ್ತದೆಂಬುದನ್ನು ತಿಳಿಯೋಣ. ಸಾಮಾನ್ಯವಾಗಿ ಆರರಿಂದ ಒಂಬತ್ತರ ವಯಸ್ಸಿನಲ್ಲಿ ತರಬೇತುದಾರರ ಕಣ್ಣು ಮಗುವಿನ ಮೇಲೆ ಬೀಳುತ್ತದೆ. ತನ್ನ ಮೈಭಾರವನ್ನು ತಾನೇ ಎತ್ತಬಲ್ಲ ತೋಳ್ಬಲ, ಭುಜ ಮತ್ತು ಸೊಂಟದ ಬಾಗುವಿಕೆ, ಓಟದ ಚುರುಕು ಇವುಗಳನ್ನು ಅವರು ನೋಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಹೇಳಿದ್ದನ್ನು ಕೇಳಿ ಒಂದೇ ಚಲನೆಯನ್ನು ಇಪ್ಪತ್ತು ಸಲ ಬೇಸರವಿಲ್ಲದೆ ಮಾಡುವ ಗುಣವಿದೆಯೇ, ಬಿದ್ದ ಮೇಲೆ ಎದ್ದು ಬರುತ್ತದೆಯೇ ಎಂಬುದನ್ನು ಗಮನಿಸುತ್ತಾರೆ. ಬಳಿಕ ವಾರಕ್ಕೆ ಎರಡು ಮೂರು ದಿನಗಳ ಪೂರ್ವಸಿದ್ಧತೆ, ಆಮೇಲೆ ನಾಲ್ಕೈದು ದಿನಗಳ ತಂಡದ ಅಭ್ಯಾಸ. ಅಮೆರಿಕದಲ್ಲಿ ಇದಕ್ಕೆ 1ರಿಂದ 10ರವರೆಗೆ ಮೆಟ್ಟಿಲುಗಳಿವೆ. ಮೊದಲ ಐದರಲ್ಲಿ ಎಲ್ಲ ಮಕ್ಕಳೂ ಗೊತ್ತುಪಡಿಸಿದ ಒಂದೇ ಪ್ರದರ್ಶನವನ್ನು ಮಾಡಬೇಕು. ಆರನೆಯದರಿಂದ ಸ್ವಂತ ರಚನೆಗೆ ಅವಕಾಶ. ನಮ್ಮ ದೇಶದಲ್ಲಿ ಜಿಲ್ಲೆ, ರಾಜ್ಯ, ರಾಷ್ಟ್ರಮಟ್ಟದ ಸ್ಪರ್ಧೆಗಳು ಮತ್ತು ಸಬ್ ಜೂನಿಯರ್, ಜೂನಿಯರ್, ಸೀನಿಯರ್ ವಿಭಾಗಗಳು ಆ ಮೆಟ್ಟಿಲುಗಳ ಸ್ಥಾನದಲ್ಲಿವೆ.

ಹೆಚ್ಚುವುದು ಗಂಟೆಗಳು ಮಾತ್ರವಲ್ಲ, ಕಲಿಕೆಯ ಸ್ವರೂಪವೇ ಬದಲಾಗುತ್ತದೆ. ಆಟದ ತರಗತಿಯಲ್ಲಿ ಮಗು ಹೊಸದೊಂದನ್ನು ಮಾಡಿದರೆ ಚಪ್ಪಾಳೆ ಸಿಗುತ್ತದೆ. ಸ್ಪರ್ಧೆಯಲ್ಲಿ ಪ್ರದರ್ಶನದ ಅಚ್ಚುಕಟ್ಟಿಗೆ ಹತ್ತು ಅಂಕಗಳನ್ನು ಇಟ್ಟುಕೊಂಡು, ಮಂಡಿ ಬಾಗಿದ್ದಕ್ಕೆ, ಬೆರಳು ನೀಳವಾಗದ್ದಕ್ಕೆ, ನೆಲಕ್ಕಿಳಿದಾಗ ಒಂದು ಹೆಜ್ಜೆ ತಪ್ಪಿದ್ದಕ್ಕೆ ಕಳೆಯುತ್ತ ಹೋಗುತ್ತಾರೆ. ಎಂಟು ವರ್ಷದ ಮಗು ದಿನಕ್ಕೆ ಮೂರು ಗಂಟೆ ತನ್ನ ತಪ್ಪುಗಳನ್ನೇ ಕೇಳಿಸಿಕೊಳ್ಳಬೇಕಾಗುತ್ತದೆ. ಕೆಲವು ಮಕ್ಕಳು ಇದರಿಂದಲೇ ಅರಳುತ್ತವೆ, ಕೆಲವು ಮಂಕಾಗುತ್ತವೆ. ತಮ್ಮ ಮಗು ಯಾವ ಬಗೆಯದೆಂದು ತಾಯಿಗೆ ತಿಳಿದಷ್ಟು ತರಬೇತುದಾರರಿಗೆ ತಿಳಿಯದು.

ಈಗ ದೇಹದ ವಿಷಯ. ಎಳೆಯರ ಉದ್ದನೆಯ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ತೆಳುವಾದ ಪದರವೊಂದಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಯೇ. ಬೆಳವಣಿಗೆ ಮುಗಿದ ಮೇಲೆ ಅದು ಗಟ್ಟಿಯಾಗಿ ಮೂಳೆಯಲ್ಲಿ ಒಂದಾಗುತ್ತದೆ. ಅಲ್ಲಿಯವರೆಗೆ ಸುತ್ತಲಿನ ಮೂಳೆಗಿಂತಲೂ ಸ್ನಾಯುರಜ್ಜುವಿಗಿಂತಲೂ ದುರ್ಬಲ. ಬೇರೆ ಆಟಗಳಲ್ಲಿ ಮೈಭಾರವನ್ನು ಕಾಲು ಹೊರುತ್ತದೆ. ಜಿಮ್ನಾಸ್ಟಿಕ್ಸ್‌ನಲ್ಲಿ ಕೈಗಳೂ ಹೊರುತ್ತವೆ. ಹಾಗಾಗಿ ಮಣಿಕಟ್ಟಿನ ಬಳಿಯ ಆ ಪದರ ಪದೇ ಪದೇ ಜಜ್ಜಿದಂತಾಗಿ ನೋಯುವುದು ಈ ಕ್ರೀಡೆಯ ಮಕ್ಕಳಲ್ಲಿ ಚಿರಪರಿಚಿತ ತೊಂದರೆ. ನೆಗೆದು ಇಳಿಯುವುದರಿಂದ ಹಿಮ್ಮಡಿ ಮತ್ತು ಮಂಡಿಯ ಕೆಳಭಾಗ ನೋಯುತ್ತವೆ. ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸುವುದರಿಂದ ಸೊಂಟದ ಕಶೇರುವಿನಲ್ಲಿ ಸಣ್ಣ ಬಿರುಕು ಕಾಣಿಸಬಹುದು.

ವಿದೇಶದಿಂದ ರಜೆಗೆ ಬಂದಿದ್ದ ಹತ್ತು ವರ್ಷದ ಬಾಲಕಿಯೊಬ್ಬಳನ್ನು ಅವಳ ತಾಯಿ ನಮ್ಮಲ್ಲಿಗೆ ಕರೆತಂದಿದ್ದರು. ಮಣಿಕಟ್ಟಿಗೆ ಹಚ್ಚಲು ಒಳ್ಳೆಯ ತೈಲವೊಂದನ್ನು ಕೊಡಬೇಕೆಂಬುದು ಅವರ ಕೋರಿಕೆ. ಕೈ ಊರಿದರೆ ಮಾತ್ರ ನೋವು, ಮೂರು ತಿಂಗಳಿಂದ ಇದೆ ಎಂದಾಗ ನಾವು ತೈಲ ಕೊಡುವ ಮೊದಲು ಎಕ್ಸ್‌ರೇ ತೆಗೆಸಲು ಹೇಳಿದೆವು. ತಾಯಿ ಹೊರಗೆ ಹೋದಾಗ ಆ ಮಗು, “ಅಜ್ಜಾ, ನಮ್ಮ ಕೋಚ್‌ಗೆ ಹೇಳಬೇಡಿ” ಎಂದಿತು. ನೋವಿದೆ ಎಂದು ತಿಳಿದರೆ ಮುಂದಿನ ಸ್ಪರ್ಧೆಯ ಪಟ್ಟಿಯಿಂದ ತನ್ನ ಹೆಸರು ಬಿಟ್ಟುಹೋದೀತೆಂಬ ಭಯ ಅದಕ್ಕೆ. ಮೂಳೆತಜ್ಞರು ಕೆಲವು ವಾರ ಕೈಮೇಲೆ ಭಾರ ಹಾಕಬಾರದೆಂದರು. ಕಾಲಿನ ಅಭ್ಯಾಸ ಮುಂದುವರಿಯಿತು, ಮಣಿಕಟ್ಟು ಸುಧಾರಿಸಿತು. ಅಭ್ಯಂಗದಿಂದ ಬಿಗಿದ ಸ್ನಾಯು ಸಡಿಲವಾಗುತ್ತದೆ, ನಿದ್ರೆ ಚೆನ್ನಾಗಿ ಬರುತ್ತದೆ, ನಿಜ. ಆದರೆ ಬೆಳೆಯುವ ಮೂಳೆಯ ನೋವನ್ನು ಎಣ್ಣೆ ಹಚ್ಚಿ ಮರೆಸಿ ಮತ್ತೆ ಅಭ್ಯಾಸಕ್ಕೆ ಕಳುಹಿಸುವುದು ಚಿಕಿತ್ಸೆಯಲ್ಲ. ಎರಡು ವಾರ ಮೀರಿದ ನೋವು, ರಾತ್ರಿ ಎಬ್ಬಿಸುವ ನೋವು, ಒಂದೇ ಬದಿಯ ಸೊಂಟನೋವು ಕಂಡರೆ ತಡಮಾಡದೆ ಮೂಳೆತಜ್ಞರಿಗೆ ತೋರಿಸಬೇಕು.

ನಮ್ಮ ಆಚಾರ್ಯರು ವ್ಯಾಯಾಮವನ್ನು ಬಹಳ ಹೊಗಳಿದ್ದಾರೆ, ಅಷ್ಟೇ ಎಚ್ಚರಿಕೆಯನ್ನೂ ಹೇಳಿದ್ದಾರೆ. ಅರ್ಧಬಲ ಖರ್ಚಾಗುವಷ್ಟು ಮಾತ್ರ ವ್ಯಾಯಾಮವಿರಲಿ ಎಂಬುದು ಸುಶ್ರುತ, ವಾಗ್ಭಟರಿಬ್ಬರ ಮತ. ಹಣೆ, ಕಂಕುಳಲ್ಲಿ ಬೆವರೊಡೆದು, ಬಾಯಲ್ಲಿ ಉಸಿರಾಡುವಂತಾದರೆ ಅರ್ಧಬಲ ಮುಗಿಯಿತೆಂದು ತಿಳಿಯಬೇಕು. ವ್ಯಾಯಾಮವನ್ನು ಬಿಡಬೇಕಾದವರ ಸಾಲಿನಲ್ಲಿ ವಾಗ್ಭಟರು ಬಾಲಕರನ್ನೂ ಸೇರಿಸಿದ್ದಾರೆ. ಮಕ್ಕಳು ಓಡಿಯಾಡಬಾರದೆಂದು ನಾವು ಇದನ್ನು ಅರ್ಥೈಸುವುದಿಲ್ಲ. ದೊಡ್ಡವರಿಗೆ ಹೇಳಿದ ಶ್ರಮವನ್ನು ಎಳೆಯ ಧಾತುಗಳ ಮೇಲೆ ಹೇರಬಾರದೆಂದು ಅರ್ಥೈಸುತ್ತೇವೆ. ಮಗುವಿನ ವಯಸ್ಸು ಎಷ್ಟೋ, ವಾರದ ಅಭ್ಯಾಸ ಅದಕ್ಕಿಂತ ಹೆಚ್ಚು ಗಂಟೆಗಳಾಗಬಾರದು, ವಾರಕ್ಕೆ ಒಂದೆರಡು ದಿನ ಪೂರ್ಣ ಬಿಡುವಿರಬೇಕು ಎಂಬುದು ಇಂದಿನ ಮಕ್ಕಳ ಕ್ರೀಡಾವೈದ್ಯರು ಹೇಳುವ ಸ್ಥೂಲ ಲೆಕ್ಕ. ಜಿಮ್ನಾಸ್ಟಿಕ್ಸ್ ತಂಡಗಳು ಈ ಲೆಕ್ಕವನ್ನು ಅನೇಕ ಸಲ ಮೀರುತ್ತವೆ. ಒಪ್ಪಿಗೆ ಕೊಡುವ ಮುನ್ನ ಗಂಟೆಗಳನ್ನು ಕೂಡಿ ನೋಡಿ, ಬಿಡುವಿನ ದಿನ ಯಾವುದೆಂದು ತರಬೇತುದಾರರನ್ನೇ ಕೇಳಿ.

ಅವಸರಪಡಲು ಕಾರಣವೂ ಇಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹದಿನಾಲ್ಕರ ನಾದಿಯಾ ಕೊಮನೆಚಿ ಪೂರ್ಣ ಹತ್ತು ಅಂಕ ಪಡೆದದ್ದನ್ನು ನಮ್ಮ ಪೀಳಿಗೆಯವರು ಮರೆತಿಲ್ಲ. ಆದರೆ 1997ರಿಂದ ಅಂತಾರಾಷ್ಟ್ರೀಯ ಹಿರಿಯರ ವಿಭಾಗದಲ್ಲಿ ಸ್ಪರ್ಧಿಸಲು ಬಾಲಕಿಯರಿಗೆ ಆ ವರ್ಷದಲ್ಲಿ 16 ತುಂಬಲೇಬೇಕು. ಏಳರಲ್ಲಿ ಆಯ್ಕೆಯಾದ ಮಗುವಿನ ಮುಂದೆ ಒಂಬತ್ತು ವರ್ಷಗಳಿವೆ ಎಂದಾಯಿತು.

ತ್ರಿಪುರದ ಅಗರ್ತಲಾದ ದೀಪಾ ಕರ್ಮಾಕರ್ ಅವರ ಹಾದಿ ಇದಕ್ಕೆ ಒಳ್ಳೆಯ ನಿದರ್ಶನ. ಆರರ ವಯಸ್ಸಿನಲ್ಲಿ ಅವರು ಅಭ್ಯಾಸ ಆರಂಭಿಸಿದಾಗ ಅವರ ಪಾದಗಳು ಚಪ್ಪಟೆಯಾಗಿದ್ದವು. ನೆಗೆಯುವುದಕ್ಕೂ ಇಳಿಯುವುದಕ್ಕೂ ಅದು ದೊಡ್ಡ ಅಡ್ಡಿ. ಆಯ್ಕೆಯ ಕಣ್ಣಿಗೆ ಅವರು ಮೊದಲ ನೋಟದಲ್ಲೇ ಬೀಳುವಂತಿರಲಿಲ್ಲ. ತರಬೇತುದಾರ ಬಿಶ್ವೇಶ್ವರ ನಂದಿ ಅವರು ಪಾದದ ಕಮಾನನ್ನು ವ್ಯಾಯಾಮದಿಂದ ತಿದ್ದಿಸಲು ತಾಳ್ಮೆಯಿಂದ ದುಡಿದರು. 2008ರಲ್ಲಿ ರಾಷ್ಟ್ರೀಯ ಜೂನಿಯರ್ ಪ್ರಶಸ್ತಿ, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಕಂಚು, 2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್ ವಿಭಾಗದಲ್ಲಿ 15.066 ಅಂಕಗಳೊಡನೆ ನಾಲ್ಕನೆಯ ಸ್ಥಾನ. ಕಂಚು ತಪ್ಪಿದ್ದು 0.150 ಅಂಕದಿಂದ. ಆಗ ಅವರಿಗೆ 23 ವರ್ಷ, ಅಂದರೆ ಹದಿನೇಳು ವರ್ಷಗಳ ಅಭ್ಯಾಸ. ಮರುವರ್ಷ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. 2024ರಲ್ಲಿ ತಾಷ್ಕೆಂಟಿನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದು, ಅದೇ ವರ್ಷ ನಿವೃತ್ತರಾದರು.

ಅವರ ಜೀವನದ ಇನ್ನೊಂದು ಪ್ರಸಂಗ ನಮ್ಮ ವೃತ್ತಿಗೆ ನೇರವಾಗಿ ಸಂಬಂಧಿಸಿದ್ದು. 2021ರಲ್ಲಿ ತೆಗೆದ ಮಾದರಿಯಲ್ಲಿ ಹೈಜೆನಮೈನ್ ಎಂಬ ನಿಷೇಧಿತ ವಸ್ತು ಕಂಡುಬಂದು ಅವರು 21 ತಿಂಗಳು ಕ್ರೀಡೆಯಿಂದ ಹೊರಗುಳಿಯಬೇಕಾಯಿತು. ತಮಗರಿವಿಲ್ಲದೆ ಅದು ದೇಹ ಸೇರಿತ್ತೆಂದು ಅವರು ಹೇಳಿದ್ದರು. ಈ ವಸ್ತು ಕೆಲವು ಸಸ್ಯಗಳಲ್ಲಿ ಸಹಜವಾಗಿಯೇ ಇರುತ್ತದೆ. ಗಿಡಮೂಲಿಕೆಯದು, ಆದ್ದರಿಂದ ನಿರಪಾಯ ಎಂಬ ಮಾತನ್ನು ಸ್ಪರ್ಧಾ ತಂಡದ ಮಗುವಿನ ವಿಷಯದಲ್ಲಿ ಒಪ್ಪಲಾಗದು. ಶಕ್ತಿವರ್ಧಕ ಚೂರ್ಣ, ಲೇಹ್ಯ, ಡಬ್ಬಿಯ ಪುಡಿ ಯಾವುದೇ ಇರಲಿ, ಅದರಲ್ಲಿ ಏನೇನಿದೆಯೆಂದು ಬರೆದುಕೊಡದ ವೈದ್ಯರಿಂದ ಅಥವಾ ಅಂಗಡಿಯಿಂದ ಕೊಳ್ಳಬೇಡಿ. ಮಗು ಸೇವಿಸುವ ಔಷಧಗಳ ಪಟ್ಟಿ ತಂಡದ ವೈದ್ಯರ ಬಳಿಯೂ ಇರಲಿ.

ಶಕ್ತಿ ಬರಬೇಕಾದದ್ದು ಊಟದಿಂದ. ಸಣ್ಣ ಮೈ ಗಾಳಿಯಲ್ಲಿ ಸುಲಭವಾಗಿ ತಿರುಗುತ್ತದೆಂಬ ಕಾರಣಕ್ಕೆ ಈ ಕ್ರೀಡೆಯಲ್ಲಿ ಮಕ್ಕಳ ಊಟದ ಮೇಲೆ ಕಣ್ಣಿಡುವ ಕೆಟ್ಟ ಚಾಳಿ ಹಲವು ದೇಶಗಳಲ್ಲಿತ್ತು. ಬ್ರಿಟನ್ನಿನಲ್ಲಿ ನಡೆದ ಸ್ವತಂತ್ರ ವಿಚಾರಣೆಯ ವರದಿ 2022ರಲ್ಲಿ ಪ್ರಕಟವಾದಾಗ, ತೂಕಕ್ಕಾಗಿ ಮಕ್ಕಳನ್ನು ಹೀಯಾಳಿಸಿದ್ದು, ಗಾಯವಿದ್ದರೂ ಅಭ್ಯಾಸ ಮಾಡಿಸಿದ್ದು ಎಲ್ಲವೂ ಬೆಳಕಿಗೆ ಬಂತು. ಮರುವರ್ಷ ಅಲ್ಲಿಯ ಜಿಮ್ನಾಸ್ಟಿಕ್ಸ್ ಸಂಸ್ಥೆ, ತರಬೇತುದಾರರು ಮಕ್ಕಳನ್ನು ತೂಗುವುದನ್ನೇ ನಿಷೇಧಿಸಿತು. ನಿಮ್ಮ ಮಗುವಿನ ತರಬೇತಿ ಕೇಂದ್ರದಲ್ಲಿ ತೂಕದ ಯಂತ್ರವಿದ್ದರೆ ಅದು ಯಾರ ಕೈಯಲ್ಲಿದೆಯೆಂದು ವಿಚಾರಿಸಿ. ಸಸ್ಯಾಹಾರಿ ಮನೆಯ ಮಗುವಿಗೆ ರಾಗಿ, ಜೋಳದ ರೊಟ್ಟಿ, ಬೇಳೆಕಾಳು, ಹಾಲು, ಮೊಸರು, ತುಪ್ಪ, ಸೊಪ್ಪು ಹೊಟ್ಟೆತುಂಬ ಸಿಕ್ಕರೆ ಯಾವ ಡಬ್ಬಿಯೂ ಬೇಡ. ಅಭ್ಯಾಸ ಮುಗಿದ ಕೂಡಲೇ ಶೇಂಗಾ ಉಂಡೆ ಅಥವಾ ಎಳ್ಳುಂಡೆ, ಒಂದು ಲೋಟ ಹಾಲು ಕೊಡಿ. ಊಟ ರಾತ್ರಿ ಒಂಬತ್ತಕ್ಕೆ ಎಂದು ಕಾಯಿಸಬೇಡಿ. ಖರ್ಚಾದಷ್ಟು ಶಕ್ತಿ ಊಟದಿಂದ ಬಾರದಿದ್ದರೆ ದೇಹ ಬೆಳವಣಿಗೆಯನ್ನೂ ಋತುಚಕ್ರವನ್ನೂ ತಡೆದು ಉಳಿತಾಯ ಮಾಡುತ್ತದೆ, ಮೂಳೆ ಸೊರಗುತ್ತದೆ. ಹದಿನೈದು ತುಂಬಿದರೂ ಋತುಮತಿಯಾಗದಿದ್ದರೆ, ಆರಂಭವಾದದ್ದು ಮೂರು ತಿಂಗಳು ನಿಂತರೆ, ಕ್ರೀಡಾಪಟುಗಳಿಗೆ ಇದೆಲ್ಲ ಸಹಜವೆಂಬ ಮಾತಿಗೆ ಕಿವಿಗೊಡದೆ ವೈದ್ಯರನ್ನು ಕಾಣಿ.

ಬಾಲಕಿಯರು ಹನ್ನೊಂದು ಹನ್ನೆರಡರಲ್ಲಿ, ಬಾಲಕರು ಅದಕ್ಕಿಂತ ಎರಡು ವರ್ಷ ತಡವಾಗಿ ಸರ್ರನೆ ಎತ್ತರವಾಗುತ್ತಾರೆ. ಆಗ ಮೂಳೆ ಮುಂದೆ, ಸ್ನಾಯು ಹಿಂದೆ. ಕೈಕಾಲಿನ ಅಳತೆ ಬದಲಾಗಿ, ಕಳೆದ ವರ್ಷ ಸಲೀಸಾಗಿ ಬರುತ್ತಿದ್ದ ಲಾಗ ಈ ವರ್ಷ ಬಾರದಂತಾಗುತ್ತದೆ. ಇದನ್ನು ಸೋಮಾರಿತನವೆಂದು ಬೈಯುವ ತಂದೆತಾಯಿಯರನ್ನು ನಾವು ನೋಡಿದ್ದೇವೆ. ಭಯವೂ ಹಾಗೆಯೇ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸಿಮೋನ್ ಬೈಲ್ಸ್ ಗಾಳಿಯಲ್ಲಿ ತನ್ನ ಮೈ ಎಲ್ಲಿದೆಯೆಂಬ ಅರಿವು ತಪ್ಪುತ್ತಿದೆಯೆಂದು ತಂಡದ ಅಂತಿಮ ಸ್ಪರ್ಧೆಯ ನಡುವೆಯೇ ಹಿಂದೆ ಸರಿದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. ಜಗತ್ತಿನ ಶ್ರೇಷ್ಠ ಪಟುವಿಗೆ ಸಂದ ಆ ಬಿಡುವು ಹತ್ತು ವರ್ಷದ ಮಗುವಿಗೂ ಸಲ್ಲಬೇಕು.

ತಂಡಕ್ಕೆ ಸೇರಿದ ಮಗು ಕೆಲವು ತಿಂಗಳ ಮೇಲೆ ಅಭ್ಯಾಸದ ದಿನ ಬೆಳಗ್ಗೆಯೇ ಹೊಟ್ಟೆನೋವೆನ್ನುತ್ತಿದ್ದರೆ, ನಿದ್ರೆಯಲ್ಲಿ ಬೆಚ್ಚುತ್ತಿದ್ದರೆ, ಅದನ್ನು ಕೂರಿಸಿಕೊಂಡು ಕೇಳಿ. ಬೇಡವೆಂದರೆ ಮತ್ತೆ ವಾರಕ್ಕೊಮ್ಮೆಯ ತರಗತಿಗೆ ಕಳುಹಿಸಲು ಯಾವ ಅಡ್ಡಿಯೂ ಇಲ್ಲ. ಕಟ್ಟಿದ ಶುಲ್ಕ ಹೋಯಿತೆಂದು ಹಿರಿಯರು ಒಂದೆರಡು ದಿನ ಗೊಣಗಬಹುದು.