ನಿಮಗಿದು ಗೊತ್ತೇ? ಇಂಕಾ ಬೆಟ್ಟಗಳ ಕಲ್ಲು, ಬೆಳಕು ಮತ್ತು ಕ್ಯಾಮೆರಾ

ಮಾಚು ಪಿಚು ಎಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವ ಫೋಟೊ ಒಂದೇ. ಕೆಳಗೆ ಕಲ್ಲಿನ ಊರು, ಅದರ ಹಿಂದೆ ಚೂಪಾಗಿ ಎದ್ದು ನಿಂತ ಶಿಖರ. ಆದರೆ ಆ ಶಿಖರದ ಹೆಸರು ಮಾಚು ಪಿಚು ಅಲ್ಲ, ವಾಯ್ನಾ ಪಿಚು! ಊರಿಗೆ ಹೆಸರು ಕೊಟ್ಟ ಮಾಚು ಪಿಚು ಬೆಟ್ಟ 3,000 ಮೀಟರಿಗಿಂತ ಎತ್ತರವಿದೆ. ಫೋಟೊ ತೆಗೆಯುವಾಗ ಅದು ನಮ್ಮ ಬೆನ್ನ ಹಿಂದೆ ಇರುತ್ತದೆ. ಒಮ್ಮೆ ತಿರುಗಿ ಅದನ್ನೂ ನೋಡಿ.

ಪೆರುವಿನಲ್ಲಿ ಉಸಿರು ಕಟ್ಟುವುದು ಮಾಚು ಪಿಚುವಿನಲ್ಲಿ ಎಂದುಕೊಂಡಿದ್ದೀರಾ? ಅದು 2,430 ಮೀಟರ್ ಎತ್ತರದಲ್ಲಿದೆ. ವಿಮಾನ ಇಳಿಯುವ ಕುಸ್ಕೊ ನಗರವೇ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಂದರೆ ಕುಸ್ಕೊದಿಂದ ಮಾಚು ಪಿಚುವಿಗೆ ಹೋಗುವುದೆಂದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಕೆಳಗಿಳಿಯುವುದು. ವಿಮಾನದಿಂದ ಇಳಿದವರು ಮೊದಲು ಉರುಬಾಂಬಾ ಕಣಿವೆಗೆ ಇಳಿದು ಒಂದೆರಡು ದಿನ ಅಲ್ಲಿದ್ದು, ಮೈ ಹೊಂದಿಕೊಂಡ ಮೇಲೆ ಕುಸ್ಕೊಗೆ ಬಂದರೆ ತಲೆನೋವು, ವಾಕರಿಕೆ ಎಷ್ಟೋ ಕಡಿಮೆ.

ಬೆಂಗಳೂರು ಸಮಭಾಜಕ ವೃತ್ತದಿಂದ 13 ಡಿಗ್ರಿ ಉತ್ತರಕ್ಕಿದ್ದರೆ, ಮಾಚು ಪಿಚು 13 ಡಿಗ್ರಿ ದಕ್ಷಿಣಕ್ಕಿದೆ. ಫೋಟೊ ತೆಗೆಯುವವರಿಗೆ ಇದು ಬಹಳ ಮುಖ್ಯ. ನಮ್ಮೂರಲ್ಲಿ ವರ್ಷದ ಹೆಚ್ಚು ಕಾಲ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಅಲ್ಲಿ ಉತ್ತರಕ್ಕೆ. ಎಲ್ಲರೂ ತೆಗೆಯುವ ಆ ಫೋಟೊದ ದಿಕ್ಕೂ ಹೆಚ್ಚುಕಡಿಮೆ ಉತ್ತರವೇ. ಹಾಗಾಗಿ ಮಳೆಯಿಲ್ಲದ ಜೂನ್, ಜುಲೈನಲ್ಲಿ ನಡುಹಗಲಿನ ಸೂರ್ಯ ಕ್ಯಾಮೆರಾದ ಎದುರಿನ ಆಕಾಶದಲ್ಲೇ ಇರುತ್ತಾನೆ. ಆಗ ಚಿತ್ರ ಮಂಕಾಗುತ್ತದೆ. ಕಲ್ಲಿನ ಅಂಚು, ಗೂಡು, ಮೆಟ್ಟಿಲುಗಳೆಲ್ಲ ಎದ್ದು ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು. ಮಂಜು ಕರಗಿದ ಬೆಳಗಿನ ಹೊತ್ತು ಅಥವಾ ಸಂಜೆಯ ಕೊನೆಯ ಸರದಿಯ ಟಿಕೆಟ್ ಅದಕ್ಕೆ ಒಳ್ಳೆಯದು.

ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬಂದು ನೆರಳು ಕಾಣದಾಗುವ ಶೂನ್ಯ ನೆರಳಿನ ದಿನ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಒಮ್ಮೆ ಬರುತ್ತದೆ. ಮಾಚು ಪಿಚುವಿನಲ್ಲೂ ಅಂಥ ದಿನಗಳು ಎರಡು: ಫೆಬ್ರವರಿ ನಡುವಿನಲ್ಲಿ ಮತ್ತು ಅಕ್ಟೋಬರ್ ಕೊನೆಯಲ್ಲಿ. ಸೂರ್ಯನನ್ನು ತಂದೆಯೆಂದು ಪೂಜಿಸಿದ ಇಂಕಾಗಳು ಅವನ ಚಲನೆಯ ಲೆಕ್ಕಗಳನ್ನು ಕಲ್ಲಿನಲ್ಲೇ ಇಟ್ಟಿದ್ದಾರೆ. ಸೂರ್ಯ ದೇಗುಲವೆಂದು ಕರೆಯುವ ಬಾಗು ಗೋಡೆಯ ಕಟ್ಟಡದಲ್ಲಿ ಜೂನ್ ಅಯನದ ಬೆಳಗಿನ ಕಿರಣ ಕಿಟಕಿಯೊಂದರಿಂದ ಹಾದು ಒಳಗಿನ ಬಂಡೆಯ ಮೇಲೆ ಬೀಳುತ್ತದೆ.

ಟಿಕೆಟ್ ಕೊಂಡ ಮಾತ್ರಕ್ಕೆ ಬೇಕಾದ ಫೋಟೊ ಸಿಗುವುದಿಲ್ಲ! 2024ರಿಂದ ಮಾಚು ಪಿಚುವಿನಲ್ಲಿ ಮೂರು ಸರ್ಕ್ಯೂಟ್‌ಗಳು, ಅವುಗಳೊಳಗೆ ಹತ್ತು ದಾರಿಗಳು. ಒಂದನೆಯದು ಮೇಲಿನಿಂದ ನೋಡುವುದಕ್ಕೆ, ಮೂರನೆಯದು ಊರಿನ ಕೆಳಭಾಗಕ್ಕೆ. ಮೇಲಿನ ನೋಟವೂ ಬೇಕು, ಊರೊಳಗೂ ನಡೆಯಬೇಕು ಎನ್ನುವವರು ಎರಡನೆಯದನ್ನೇ ಹುಡುಕಬೇಕು. ಮೂರನೆಯದನ್ನು ಕೊಂಡರೆ ಆ ಪ್ರಸಿದ್ಧ ನೋಟ ಸಿಗದು. ದಾರಿಯೆಲ್ಲ ಏಕಮುಖ, ಹಿಂದಕ್ಕೆ ಬರುವಂತಿಲ್ಲ. ಶೌಚಾಲಯ ಇರುವುದು ಬಾಗಿಲಿನ ಹೊರಗೆ.

ಟ್ರೈಪಾಡ್, ಸೆಲ್ಫಿ ಸ್ಟಿಕ್, ಡ್ರೋನ್ ಯಾವುದಕ್ಕೂ ಒಳಗೆ ಪ್ರವೇಶವಿಲ್ಲ. ಬ್ಯಾಗು 40 x 35 x 20 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಹೊರಗೇ ಇಟ್ಟು ಬರಬೇಕು. ಈ ನಿಯಮಗಳಿಗೆ ಗೊಣಗುವವರು 2000ದ ಸೆಪ್ಟೆಂಬರಿನಲ್ಲಿ ನಡೆದದ್ದನ್ನು ತಿಳಿಯಬೇಕು. ಬಿಯರ್ ಜಾಹೀರಾತೊಂದರ ಚಿತ್ರೀಕರಣ ನಡೆಯುತ್ತಿದ್ದಾಗ ಕ್ರೇನ್ ಉರುಳಿ ಇಂಟಿವಟಾನಾ ಕಲ್ಲಿನ ಅಂಚು ಮುರಿದುಹೋಯಿತು. ಇಡೀ ಬಂಡೆಯಿಂದ ಕಡೆದ, ಸೂರ್ಯನ ಆರಾಧನೆಗೆ ಮೀಸಲಾಗಿದ್ದ ಕಲ್ಲು ಅದು. ಐದು ಶತಮಾನ ಬಿಸಿಲು ಮಳೆಗೆ ಜಗ್ಗದೆ ನಿಂತಿತ್ತು. ಒಂದು ಜಾಹೀರಾತಿಗಾಗಿ ಆದ ಆ ಗಾಯ ಇಂದಿಗೂ ಹೊಟ್ಟೆ ಉರಿಸುತ್ತದೆ.

ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್ ಮಾಚು ಪಿಚುವಿನಲ್ಲಿ ಕುಣಿದಿದ್ದಾರೆ. 2010ರ ‘ಎಂದಿರನ್’ ಚಿತ್ರದ ಆ ಹಾಡಿನಲ್ಲಿ ಕೇಳುವುದು ಆಫ್ರಿಕಾದ ಕಿಲಿಮಂಜಾರೊ ಹೆಸರು, ಹಿಂದೆ ಕಾಣುವುದು ಪೆರುವಿನ ಬೆಟ್ಟ!

ಮಾಚು ಪಿಚುವಿನ ಅತಿ ದೊಡ್ಡ ಅಚ್ಚರಿ ಯಾವ ಫೋಟೊದಲ್ಲೂ ಬೀಳುವುದಿಲ್ಲ ಎಂಬುದು ಗೊತ್ತೇ? ಅದು ನೆಲದಡಿಯಲ್ಲಿದೆ. ಜಲಸಂಪನ್ಮೂಲ ಎಂಜಿನಿಯರ್ ಕೆನೆತ್ ರೈಟ್ ಮತ್ತು ಪೆರುವಿನ ಪುರಾತತ್ವಜ್ಞ ಆಲ್ಫ್ರೆಡೊ ವಲೆನ್ಸಿಯಾ ಸೆಗಾರ್ರಾ ವರ್ಷಗಟ್ಟಲೆ ಅಧ್ಯಯನ ಮಾಡಿ ಹೇಳಿದ್ದು ಇದು: ಇಲ್ಲಿ ನಡೆದ ಕಟ್ಟಡ ಕೆಲಸದಲ್ಲಿ ಸುಮಾರು ಶೇಕಡಾ 60ರಷ್ಟು ನೆಲದ ಕೆಳಗಿದೆ. ವರ್ಷಕ್ಕೆ 1,900 ಮಿಲಿಮೀಟರಿಗೂ ಹೆಚ್ಚು ಮಳೆ, ಎರಡೂ ಪಕ್ಕದಲ್ಲಿ ಪ್ರಪಾತ, ನಡುವೆ ಕಡಿದಾದ ಏಣು. ಇಂಥ ಕಡೆ ನೀರಿಗೆ ದಾರಿ ಕೊಡದೆ ಮನೆ ಕಟ್ಟಿದರೆ ಕೆಲವೇ ಮಳೆಗಾಲದಲ್ಲಿ ಊರು ಜಾರಿ ಹೊಳೆ ಸೇರುತ್ತದೆ. ಇಂಕಾ ಕಟ್ಟಡಗಾರರು ಮೆಟ್ಟಿಲು ಹೊಲಗಳ ಅಡಿಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮರಳು, ಎಲ್ಲಕ್ಕೂ ಮೇಲೆ ಫಲವತ್ತಾದ ಮಣ್ಣು ಹರಡಿದರು. ಗೋಡೆಗಳಲ್ಲಿ ನೂರಕ್ಕೂ ಹೆಚ್ಚು ನೀರಂಡಿಗಳನ್ನು ಬಿಟ್ಟರು. ಮಲೆನಾಡಿನ ಅಡಿಕೆ ತೋಟದಲ್ಲಿ ಬಸಿಗಾಲುವೆ ತೋಡಿದವರಿಗೆ ಆ ಬುದ್ಧಿಯ ಬೆಲೆ ಬೇಗ ತಿಳಿಯುತ್ತದೆ.

ಕುಡಿಯುವ ನೀರಿನದು ಬೇರೆಯೇ ವ್ಯವಸ್ಥೆ. ಬೆಟ್ಟದ ಒರತೆಯಿಂದ 749 ಮೀಟರ್ ಉದ್ದದ ಕಲ್ಲಿನ ಕಾಲುವೆ, ಅದರಿಂದ ಒಂದರ ಕೆಳಗೊಂದು ಬೀಳುವ 16 ನೀರಿನ ಬಾಯಿಗಳು. ಕಾಲುವೆಯ ಇಳಿಜಾರನ್ನು ಎಷ್ಟು ಹದವಾಗಿ ಇಟ್ಟಿದ್ದಾರೆಂದರೆ ನೀರು ಉಕ್ಕುವುದೂ ಇಲ್ಲ, ನಿಲ್ಲುವುದೂ ಇಲ್ಲ. ಇಡೀ ಊರಿನ ಯೋಜನೆ ಈ ಕಾಲುವೆಯಿಂದಲೇ ಶುರುವಾಗಿರಬೇಕು ಎಂಬುದು ರೈಟ್ ಅವರ ಅಭಿಪ್ರಾಯ. ದೊಡ್ಡ ನೋಟ ಸೆರೆಹಿಡಿದ ಮೇಲೆ ಕ್ಯಾಮೆರಾವನ್ನು ಈ ಕಾಲುವೆಗಳ ಕಡೆಗೂ ತಿರುಗಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ಊರು ಇನ್ನೂ ನಿಂತಿರುವುದು ಅವುಗಳಿಂದ.

1911ರ ಜುಲೈ 24ರಂದು ಅಮೆರಿಕದ ಹೈರಮ್ ಬಿಂಗ್‌ಹ್ಯಾಮ್ ಇಲ್ಲಿಗೆ ಬಂದಾಗ ಊರು ಖಾಲಿಯಿರಲಿಲ್ಲ. ರೈತ ಕುಟುಂಬಗಳು ಅದೇ ಹಳೆಯ ಮೆಟ್ಟಿಲುಗಳಲ್ಲಿ ಬೆಳೆ ತೆಗೆಯುತ್ತಿದ್ದವು. ಅವರ ಮನೆಯ ಪುಟ್ಟ ಹುಡುಗನೊಬ್ಬ ದಾರಿ ತೋರಿಸಿದ. ಗೋಡೆಯೊಂದರ ಮೇಲೆ ಆಗಲೇ ಲಿಸಾರ್ರಾಗಾ ಎಂಬ ಹೆಸರೂ 1902 ಎಂಬ ಇಸವಿಯೂ ಇದ್ದವು. ಅದು ಅದೇ ಕಣಿವೆಯ ರೈತ ಅಗುಸ್ಟಿನ್ ಲಿಸಾರ್ರಾಗಾ ಬರೆದದ್ದು. ಹಾಗಿದ್ದರೂ ‘ಕಂಡುಹಿಡಿದವನು’ ಎಂಬ ಪಟ್ಟ ಬಿಂಗ್‌ಹ್ಯಾಮ್‌ಗೇ ಸಿಕ್ಕಿತು. 1913ರ ಏಪ್ರಿಲ್ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ ಸಂಚಿಕೆಯ ತುಂಬ ಅವನ ಲೇಖನ, ಅವನ ಫೋಟೊಗಳು. ಚಿತ್ರ ತೆಗೆದು ಅಚ್ಚು ಹಾಕಿಸಿದವನ ಹೆಸರು ಉಳಿಯಿತು, ಅಲ್ಲೇ ಉತ್ತು ಬಿತ್ತಿದವರದು ಮರೆಯಾಯಿತು. ಇದು ಸರಿಯಲ್ಲ.

ಬಿಂಗ್‌ಹ್ಯಾಮ್ ಅಗೆದು ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದ ಮಡಕೆ, ಲೋಹ, ಎಲುಬುಗಳು ಪೆರುವಿಗೆ ಮರಳಿದ್ದು ಸುಮಾರು ನೂರು ವರ್ಷಗಳ ನಂತರ, 2011–12ರಲ್ಲಿ. ಈಗ ಅವು ಕುಸ್ಕೊ ನಗರದ ಕಾಸಾ ಕೊಂಚಾ ಮ್ಯೂಸಿಯಮ್ಮಿನಲ್ಲಿವೆ. ಬೆಟ್ಟಕ್ಕೆ ಹೋಗುವ ಮೊದಲೇ ಇದನ್ನು ನೋಡಿಕೊಂಡರೆ ಅಲ್ಲಿ ಬದುಕಿದವರ ಪಾತ್ರೆಪಗಡ ಹೇಗಿತ್ತೆಂದು ತಿಳಿಯುತ್ತದೆ.

ಈ ಬೆಟ್ಟಗಳ ಶ್ರೇಷ್ಠ ಛಾಯಾಗ್ರಾಹಕ ಯಾರು? ನನ್ನ ಮಟ್ಟಿಗೆ ಒಂದೇ ಹೆಸರು, ಮಾರ್ಟಿನ್ ಚಾಂಬಿ. 1891ರಲ್ಲಿ ಪುನೊ ಸೀಮೆಯ ಕ್ವೆಚುವಾ ಮಾತನಾಡುವ ರೈತ ಮನೆಯಲ್ಲಿ ಹುಟ್ಟಿದವರು. ತಂದೆ ಕೂಲಿಗೆ ಹೋಗುತ್ತಿದ್ದ ಚಿನ್ನದ ಗಣಿಯಲ್ಲಿ ಕಂಪನಿಯ ಫೋಟೊಗ್ರಾಫರನನ್ನು ಕಂಡು ಕ್ಯಾಮೆರಾದ ಗೀಳು ಹತ್ತಿಸಿಕೊಂಡ ಹುಡುಗ, ಆರೆಕಿಪಾದ ಸ್ಟುಡಿಯೊದಲ್ಲಿ ಕೆಲಸ ಕಲಿತು 1920ರ ಹೊತ್ತಿಗೆ ಕುಸ್ಕೊದಲ್ಲಿ ನೆಲೆಸಿದ. ಭಾರದ ಕ್ಯಾಮೆರಾ, ಒಡೆಯುವ ಗಾಜಿನ ಪ್ಲೇಟುಗಳನ್ನು ಹೊತ್ತು ಬೆಟ್ಟ ಹತ್ತಿದರು. ಮಾಚು ಪಿಚುವನ್ನು ಅವರು ಹೊರಗಿನಿಂದ ಬಂದ ಬೆರಗಿನ ಕಣ್ಣಿನಿಂದ ನೋಡಲಿಲ್ಲ, ಅಜ್ಜ ಮುತ್ತಜ್ಜಂದಿರ ಮನೆಯೆಂಬಂತೆ ನೋಡಿದರು. ಜೊತೆಗೆ ತಮ್ಮ ಕಾಲದ ರೈತರು, ಸಂಗೀತಗಾರರು, ಮದುವಣಿಗರ ಮುಖಗಳನ್ನೂ ಅದೇ ಗೌರವದಿಂದ ಹಿಡಿದಿಟ್ಟರು. 1979ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಚಿತ್ರಗಳನ್ನು ಪ್ರದರ್ಶಿಸಿತು. ಆಗ ಅವರು ತೀರಿಕೊಂಡು ಆರು ವರ್ಷ ಆಗಿತ್ತು.

ಕುಸ್ಕೊದ ಬೀದಿಯಲ್ಲಿ ಬಣ್ಣದ ಪೋಷಾಕು ತೊಟ್ಟು ಮರಿ ಲಾಮಾ ಹಿಡಿದು ನಿಲ್ಲುವ ಹೆಂಗಸರ ಫೋಟೊ ತೆಗೆಯುವ ಮೊದಲು ಕೇಳಿ, ಎಷ್ಟು ಕೊಡಬೇಕೆಂದು ಮಾತಾಡಿಕೊಂಡೇ ತೆಗೆಯಿರಿ. ಅದು ಅವರ ದುಡಿಮೆ.

ಅದೇ ನಗರದ ಹಾತುನ್ ರುಮಿಯೊಕ್ ಬೀದಿಯಲ್ಲಿ 12 ಮೂಲೆಯ ಕಲ್ಲಿದೆ. ಗಾರೆಯಿಲ್ಲ, ಕಬ್ಬಿಣದ ಉಳಿಯಿಲ್ಲ. ಗಟ್ಟಿ ಕಲ್ಲಿನಿಂದ ಇನ್ನೊಂದು ಕಲ್ಲನ್ನು ಕುಟ್ಟಿ, ಉಜ್ಜಿ ಕೂರಿಸಿದ್ದು. 2025ರ ಫೆಬ್ರವರಿಯಲ್ಲಿ ಒಬ್ಬ ಕುಡುಕ ಅದಕ್ಕೆ ಸುತ್ತಿಗೆಯಿಂದ ಹೊಡೆದು ಹಾನಿ ಮಾಡಿದ. ಇಂಕಾ ಕಲ್ಲುಕೆಲಸ ಭೂಕಂಪಗಳಿಗೂ ಸೋಲದ್ದು. 1950ರ ಕಂಪನದಲ್ಲಿ ಸ್ಪೇನಿನವರು ಕಟ್ಟಿದ ಸಾಂತೊ ಡೊಮಿಂಗೊ ಚರ್ಚಿನ ಭಾಗಗಳು ಕುಸಿದವು, ಅದರಡಿಯ ಇಂಕಾ ಸೂರ್ಯ ದೇಗುಲದ ಗೋಡೆಗಳು ನಿಂತೇ ಇದ್ದವು.

ಉರುಬಾಂಬಾ ಕಣಿವೆಯ ಇಂಕಾ ಊರಾದ ಒಯಾಂತಾಯ್ತಾಂಬೊದಲ್ಲಿ ಆರು ದೈತ್ಯ ಕಲ್ಲುಗಳ ಗೋಡೆಯಿದೆ. ಕಲ್ಲು ತಂದ ಗಣಿ ಉರುಬಾಂಬಾ ನದಿಯ ಆಚೆ ದಡದ ಬೆಟ್ಟದ ಮೇಲೆ. ಸಾಗಿಸುವಾಗ ನಡುದಾರಿಯಲ್ಲೇ ಬಿಟ್ಟ ಬಂಡೆಗಳು ಇಂದಿಗೂ ಅಲ್ಲಲ್ಲಿ ಬಿದ್ದಿವೆ. ಒಳ್ಳೆಯ ಫೋಟೊ ಬೇಕೆಂದರೆ ಅವುಗಳನ್ನೂ ಹುಡುಕಿ.

ಮಾಚು ಪಿಚುವಿಗೆ ನಡೆದು ಹೋಗುವ ನಾಲ್ಕು ದಿನದ ಇಂಕಾ ಕಾಲುದಾರಿಗೆ ದಿನಕ್ಕೆ 500 ಜನರಿಗಷ್ಟೇ ಪರವಾನಗಿ, ಅದರಲ್ಲಿ ಹೊರೆ ಹೊರುವವರು, ಮಾರ್ಗದರ್ಶಕರೂ ಸೇರಿದ್ದಾರೆ. ಫೆಬ್ರವರಿಯಲ್ಲಿ ದುರಸ್ತಿಗೆಂದು ದಾರಿ ಮುಚ್ಚಿರುತ್ತದೆ. 4,200 ಮೀಟರ್ ಎತ್ತರದ ಘಟ್ಟ ದಾಟುವ ಈ ದಾರಿಯಲ್ಲಿ ರಾತ್ರಿಯ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ.

ಅಪುರಿಮಾಕ್ ನದಿಯ ಮೇಲಿನ ಕೆಸ್ವಾಚಾಕಾ ಸೇತುವೆ ಹುಲ್ಲಿನದು! ಪ್ರತಿ ಜೂನ್‌ನಲ್ಲಿ ಸುತ್ತಲಿನ ಊರವರು ಸೇರಿ ಹಗ್ಗ ಹೊಸೆದು, ಹಳೆಯದನ್ನು ಕತ್ತರಿಸಿ ಹೊಳೆಗೆ ಬಿಟ್ಟು, ಹೊಸದನ್ನು ಕಟ್ಟುತ್ತಾರೆ. ಇಂಕಾಗಳದ್ದೆಲ್ಲ ಪಾಳು ಎನ್ನುವವರು ಇದನ್ನು ಬಂದು ನೋಡಬೇಕು.

ಜನಜಂಗುಳಿ ಬೇಡವೆನ್ನುವವರಿಗೆ ಚೊಕೆಕಿರಾವ್ ಎಂಬ ಇನ್ನೊಂದು ಇಂಕಾ ಊರಿದೆ. ರೈಲಿಲ್ಲ, ಬಸ್ಸಿಲ್ಲ; ಅದೇ ಅಪುರಿಮಾಕ್ ಕಂದರಕ್ಕೆ ಇಳಿದು ಮತ್ತೆ ಹತ್ತಬೇಕು, ಹೆಚ್ಚಿನವರಿಗೆ ಹೋಗಲು ಎರಡು ದಿನ, ಬರಲು ಎರಡು ದಿನ. ಅಲ್ಲಿನ ಮೆಟ್ಟಿಲು ಹೊಲಗಳ ಕಪ್ಪು ಗೋಡೆಯಲ್ಲಿ ಬಿಳಿ ಕಲ್ಲು ಜೋಡಿಸಿ ಲಾಮಾಗಳ ಸಾಲನ್ನೇ ಬಿಡಿಸಿದ್ದಾರೆ. ಕಾಡು ಸವರಿದ ಮೇಲೆ ಅವು ಲೋಕಕ್ಕೆ ಕಂಡದ್ದು ಈ ಶತಮಾನದಲ್ಲಿ. ಹತ್ತಿರ ನಿಂತರೆ ಬರಿಯ ಬಿಳಿ ಕಲ್ಲುಗಳು. ಸ್ವಲ್ಪ ದೂರದ ನೋಟದ ಕಟ್ಟೆಗೆ ನಡೆದು, ಉದ್ದ ಲೆನ್ಸ್ ಹಾಕಿ ನೋಡಿದರೆ ಕಾಲು, ಕತ್ತು, ಬೆನ್ನು ಎಲ್ಲ ಕೂಡಿಕೊಂಡು ಲಾಮಾ ಆಗುತ್ತವೆ.