ನಕಲಿಗೆ ಎಡೆಗೊಡದ ಪರೀಕ್ಷೆ

2006ನೆಯ ಇಸವಿಯ ಜೂನ್ ತಿಂಗಳಲ್ಲಿ ಫಿಲಿಪ್ಪೀನ್ಸ್ ದೇಶದಲ್ಲಿ ದಾದಿಯರ ಪರವಾನಗಿ ಪರೀಕ್ಷೆ ನಡೆಯಿತು. ಸುಮಾರು 42,000 ಮಂದಿ ತರುಣ ತರುಣಿಯರು ಅದಕ್ಕೆ ಕುಳಿತಿದ್ದರು. 17,000ಕ್ಕೂ ಮಿಕ್ಕಿ ತೇರ್ಗಡೆಯಾದರು. ಆದರೆ ಐದು ಪತ್ರಿಕೆಗಳ ಪೈಕಿ ಮೂರನೆಯ ಮತ್ತು ಐದನೆಯ ಪತ್ರಿಕೆಗಳ ಪ್ರಶ್ನೆಗಳು ಮುಂಚಿತವಾಗಿಯೇ ಕೆಲವರ ಕೈಸೇರಿದ್ದುವೆಂಬ ಸಂಗತಿ ಬಯಲಾಯಿತು. ಅವುಗಳನ್ನು ಕಂಡವರು ಯಾರು, ಕಾಣದವರು ಯಾರು ಎಂದು ವಿಂಗಡಿಸುವುದು ಹೇಗೆ? ವಿದೇಶೀ ದಾದಿಯರ ಅರ್ಹತೆಯನ್ನು ಪರಿಶೀಲಿಸುವ ಅಮೆರಿಕದ ಆಯೋಗವು 2007ರ ಫೆಬ್ರವರಿಯಲ್ಲಿ ತನ್ನ ನಿರ್ಧಾರವನ್ನು ಸಾರಿತು: ಆ ಎರಡು ಪತ್ರಿಕೆಗಳನ್ನು ಮತ್ತೊಮ್ಮೆ ಬರೆದು ತೇರ್ಗಡೆಯಾದ ಹೊರತು ಆ ತಂಡದ ಯಾರಿಗೂ ಅಮೆರಿಕದಲ್ಲಿ ಉದ್ಯೋಗಕ್ಕೆ ಬೇಕಾದ ಪ್ರಮಾಣಪತ್ರ ದೊರೆಯದು. ಚೀಟಿಯನ್ನೇ ಕಾಣದೆ ಹಗಲಿರುಳು ಓದಿದವಳಿಗೂ ಅದೇ ದಂಡ. ನಕಲು ಮಾಡಿದವನು ಕದಿಯುವುದು ಅಂಕಗಳನ್ನು ಮಾತ್ರವಲ್ಲ, ಪಕ್ಕದವನ ಮಾತಿನ ಮೇಲಣ ನಂಬಿಕೆಯನ್ನೂ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಂಡಿಲ್ಲ.

ದಾದಿಯರ ಪರೀಕ್ಷೆಯಲ್ಲಿ ಇಷ್ಟೊಂದು ಬಿಗಿ ಏತಕ್ಕೆಂದು ಕೇಳಬಹುದು. ಡಿಗಾಕ್ಸಿನ್ ಎಂಬುದು ಹೃದ್ರೋಗಕ್ಕೆ ಕೊಡುವ ಔಷಧ. 0.25 ಮಿಲಿಗ್ರಾಂ ಕೊಡಬೇಕಾದಲ್ಲಿ ದಶಮಾಂಶ ಬಿಂದು ಒಂದು ಮನೆ ಸರಿದು 2.5 ಮಿಲಿಗ್ರಾಂ ಆಯಿತೆನ್ನೋಣ. ರೋಗಿಯ ಪ್ರಾಣಕ್ಕೇ ಸಂಚಕಾರ. ನಮ್ಮ ತರಗತಿಯಲ್ಲಾದರೆ ಅದೇ ತಪ್ಪಿಗೆ ಅರ್ಧ ಅಂಕ ಕಳೆಯುತ್ತೇವೆ, ಅಷ್ಟೆ.

ಅಮೆರಿಕದ ಪರವಾನಗಿ ಪರೀಕ್ಷೆಗೆ ಎನ್‌ಕ್ಲೆಕ್ಸ್ ಎಂದು ಹೆಸರು. 1994ಕ್ಕೆ ಮೊದಲು ಅದು ಕಾಗದ ಪೆನ್ಸಿಲುಗಳ ಪರೀಕ್ಷೆಯಾಗಿತ್ತು. ವರ್ಷಕ್ಕೆ ಎರಡು ಬಾರಿ, ಎರಡೆರಡು ದಿನ, ಸಹಸ್ರಾರು ಮಂದಿ ಒಂದೇ ಸಮಯಕ್ಕೆ ಕುಳಿತು ಬರೆಯುತ್ತಿದ್ದರು. ಒಂದೇ ಪ್ರಶ್ನಪತ್ರಿಕೆಯನ್ನು ಎಲ್ಲರಿಗೂ ಕೊಡುವ ಕ್ರಮದಲ್ಲಿ ಒಂದು ಪ್ರತಿ ಹೊರಬಿದ್ದರೆ ಇಡೀ ಪರೀಕ್ಷೆಯೇ ಕೆಟ್ಟಂತೆ. 1994ರ ಏಪ್ರಿಲಿನಿಂದ ಅದು ಗಣಕಯಂತ್ರದ ಮುಂದೆ ನಡೆಯತೊಡಗಿತು. ಅಲ್ಲಿಂದೀಚೆಗೆ ರಕ್ಷಣೆ ಎರಡು ಬಗೆಯದಾಗಿದೆ: ಒಂದು ಬಾಗಿಲಿನ ಕಾವಲು, ಮತ್ತೊಂದು ಪ್ರಶ್ನೆಗಳ ಒಳಗೇ ಅಡಗಿರುವ ಕಾವಲು.

ಬಾಗಿಲಿನ ಕಾವಲು ಕಟ್ಟುನಿಟ್ಟಾದುದು. ಕೈಗಡಿಯಾರ, ದೂರವಾಣಿ, ಪುಸ್ತಕ ಯಾವುದೂ ಒಳಗೆ ಹೋಗುವಂತಿಲ್ಲ; ಲೆಕ್ಕ ಮಾಡಲು ಅಳಿಸಿ ಬರೆಯುವ ಹಲಗೆಯೊಂದನ್ನು ಅವರೇ ಕೊಡುತ್ತಾರೆ. ಕೋಣೆಯ ದೃಶ್ಯವೂ ಶಬ್ದವೂ ದಾಖಲಾಗುತ್ತವೆ. ಇವೆಲ್ಲಕ್ಕಿಂತ ಭೌತಶಾಸ್ತ್ರದ ವಿದ್ಯಾರ್ಥಿಗೆ ಕುತೂಹಲಕರವಾದುದು ಅಂಗೈಯ ಪರೀಕ್ಷೆ. ಅಭ್ಯರ್ಥಿಯ ಅಂಗೈಯ ಮೇಲೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬೀರುತ್ತಾರೆ. ಗೋಚರ ಬೆಳಕಿನ ಕೆಂಪು ಅಂಚಿಗೆ ಹೊಂದಿಕೊಂಡಿರುವ ಈ ಕಿರಣಗಳು ಚರ್ಮವನ್ನು ದಾಟಿ ಕೆಲವು ಮಿಲಿಮೀಟರುಗಳಷ್ಟು ಒಳಹೊಗಬಲ್ಲುವು. ಅಲ್ಲಿ ಸಿರೆಗಳಿವೆ. ಆಮ್ಲಜನಕದ ಒಂದು ಪಾಲನ್ನು ಅಂಗಾಂಶಗಳಿಗೆ ಒಪ್ಪಿಸಿ ಹಿಂದಿರುಗುತ್ತಿರುವ ರಕ್ತ ಅವುಗಳಲ್ಲಿ ಹರಿಯುತ್ತಿರುತ್ತದೆ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ನು ಸುಮಾರು 760 ನ್ಯಾನೋಮೀಟರ್ ಅಲೆಯುದ್ದದ ಕಿರಣವನ್ನು ವಿಶೇಷವಾಗಿ ಹೀರಿಕೊಳ್ಳುತ್ತದೆ. ಸುತ್ತಲಿನ ಮಾಂಸ ಕಿರಣವನ್ನು ಚದುರಿಸಿ ಹಿಂದಕ್ಕೆ ಕಳುಹಿಸಿದರೆ ಸಿರೆ ಅದನ್ನು ನುಂಗಿಬಿಡುತ್ತದೆ. ಆದುದರಿಂದ ಚಿತ್ರದಲ್ಲಿ ಸಿರೆಗಳು ಕಪ್ಪು ಗೆರೆಗಳ ಜಾಲವಾಗಿ ಮೂಡುತ್ತವೆ. ಬೆರಳಿನ ಗುರುತು ಗಾಜಿನ ಲೋಟದ ಮೇಲೂ ಉಳಿಯುತ್ತದೆ, ಅದನ್ನು ಕದಿಯಬಹುದು. ಸಿರೆಗಳ ಜಾಲ ಎಲ್ಲಿಯೂ ಅಂಟಿಕೊಳ್ಳುವುದಿಲ್ಲ. ವಿರಾಮಕ್ಕೆ ಹೊರಹೋಗಿ ಬಂದವರೂ ಮತ್ತೆ ಅಂಗೈ ತೋರಿಸಿಯೇ ಒಳಗೆ ಬರಬೇಕು.

ಇಷ್ಟಾದರೂ ಒಳಗೆ ಬಂದವರು ಯಾರೆಂಬುದನ್ನು ಮಾತ್ರ ಕಿರಣ ಹೇಳೀತು. ಅವರು ಪಕ್ಕದ ತೆರೆಯನ್ನು ಇಣುಕಿ ನೋಡಿದರೆ? ನೋಡಲಿ ಎಂಬುದೇ ಉತ್ತರ! ಪಕ್ಕದಲ್ಲಿರುವ ಪ್ರಶ್ನೆಗಳೇ ಬೇರೆ.

ಎಲ್ಲರಿಗೂ ಬೇರೆ ಬೇರೆ ಪ್ರಶ್ನೆಗಳನ್ನು ಕೊಟ್ಟರೆ ನ್ಯಾಯವಾಗಿ ಅಳೆಯುವುದೆಂತು ಎಂಬ ಶಂಕೆ ಇಲ್ಲಿ ಸಹಜ. ಇದಕ್ಕೆ ಆಧಾರವಾದ ಗಣಿತವನ್ನು ಡೆನ್ಮಾರ್ಕಿನ ಜಾರ್ಜ್ ರಾಶ್ ಎಂಬ ಗಣಿತಜ್ಞ 1960ರಲ್ಲಿ ಪ್ರಕಟಿಸಿದನು. ಅಭ್ಯರ್ಥಿಯ ಸಾಮರ್ಥ್ಯವನ್ನೂ ಪ್ರಶ್ನೆಯ ಕಾಠಿಣ್ಯವನ್ನೂ ಒಂದೇ ಅಳತೆಗೋಲಿನ ಮೇಲೆ ಗುರುತಿಸುವುದು ಅವನ ಉಪಾಯ. ಈ ಕೋಲಿನ ಮಾನಕ್ಕೆ ಲಾಜಿಟ್ ಎಂದು ಹೆಸರು. ಸಾಮರ್ಥ್ಯವೂ ಕಾಠಿಣ್ಯವೂ ಸಮವಾಗಿದ್ದರೆ ಸರಿಯುತ್ತರದ ಸಂಭವ ನೂರಕ್ಕೆ 50. ಸಾಮರ್ಥ್ಯ ಒಂದು ಲಾಜಿಟ್ ಮೇಲಿದ್ದರೆ 73, ಎರಡಾದರೆ 88, ಮೂರಾದರೆ 95. ಪ್ರಶ್ನೆಗಳ ಕಾಠಿಣ್ಯವನ್ನು ಮೊದಲೇ ಅಳೆದಿಟ್ಟಿದ್ದರೆ, ಯಾರು ಯಾವ ಪ್ರಶ್ನೆಗಳಿಗೆ ಉತ್ತರಿಸಿದರೂ ಅವರವರ ಸ್ಥಾನ ಅದೇ ಕೋಲಿನ ಮೇಲೆ ಗೊತ್ತಾಗುತ್ತದೆ.

ಯಂತ್ರ ಮಾಡುವ ಕೆಲಸ ಎತ್ತರ ಜಿಗಿತದ ಪಂದ್ಯದಂತೆ. ದಾಟಿದವನಿಗೆ ಅಡ್ಡಕಡ್ಡಿಯನ್ನು ಮೇಲೇರಿಸುತ್ತದೆ, ಎಡವಿದವನಿಗೆ ಇಳಿಸುತ್ತದೆ. ಹೀಗಾಗಿ ಜಾಣರೂ ಸಾಧಾರಣರೂ ಹೆಚ್ಚು ಕಡಿಮೆ ಅರ್ಧದಷ್ಟು ಪ್ರಶ್ನೆಗಳಲ್ಲಿ ತಪ್ಪುತ್ತಾರೆ. ಇದರ ಲಾಭವನ್ನು ಪ್ರಯೋಗಶಾಲೆಯ ದೋಷಗಣನೆಯಂತೆ ಲೆಕ್ಕ ಹಾಕಬಹುದು. ಸರಿಯುತ್ತರದ ಸಂಭವವನ್ನು ತಪ್ಪುತ್ತರದ ಸಂಭವದಿಂದ ಗುಣಿಸಿದರೆ ಆ ಪ್ರಶ್ನೆಯಿಂದ ದೊರೆಯುವ ಮಾಹಿತಿಯ ಮೊತ್ತ ಬರುತ್ತದೆ. ಸರಿಸಮವಾದ ಪ್ರಶ್ನೆಗೆ ಅದು 0.25. ನೂರು ಪ್ರಶ್ನೆಗಳಿಗೆ 25. ಅದರ ವರ್ಗಮೂಲ 5. ಅದರ ವಿಲೋಮವೇ ಅಳತೆಯ ದೋಷ, ಅಂದರೆ 0.2 ಲಾಜಿಟ್. ಇದಕ್ಕೆ ಬದಲಾಗಿ ನೂರಕ್ಕೆ 95ರ ಸಂಭವವುಳ್ಳ ಸುಲಭ ಪ್ರಶ್ನೆಗಳನ್ನೇ ಕೇಳಿದರೆ ಪ್ರತಿಯೊಂದರ ಮಾಹಿತಿ 0.0475 ಮಾತ್ರ, ನೂರು ಪ್ರಶ್ನೆಗಳ ಅನಂತರವೂ ದೋಷ ಸುಮಾರು 0.46ರಷ್ಟು ಉಳಿಯುತ್ತದೆ. ಒಂದೇ ರೋಗಿಯ ವೃತ್ತಾಂತವನ್ನು ಆಧರಿಸಿದ ಆರಾರು ಪ್ರಶ್ನೆಗಳ ಗುಚ್ಛಗಳೂ 2023ರಿಂದ ಈ ಪರೀಕ್ಷೆಯಲ್ಲಿ ಸೇರಿವೆ. ಅವುಗಳ ಗಣಿತ ಇಷ್ಟು ಸರಳವಲ್ಲ.

ಮೂಲತಃ ಬೇಗ ಅಳೆಯಲು ಅನುಕೂಲವಾದ ಈ ಉಪಾಯವೇ ನಕಲಿಗೂ ಕತ್ತರಿಯಾದುದು ಸೊಗಸಾದ ವಿಷಯ. ಬಾಗಿಲ ಕಾವಲುಗಾರನಿಗಿಂತ ಈ ಕಾವಲೇ ಮೇಲೆಂದು ನಮ್ಮ ಅಭಿಪ್ರಾಯ. ಇದು ಯಾರನ್ನೂ ಸಂದೇಹದಿಂದ ನೋಡುವುದಿಲ್ಲ. ಆದರೂ ಇದು ಅಭೇದ್ಯವಲ್ಲ. ಪರೀಕ್ಷೆ ವರ್ಷವಿಡೀ ನಡೆಯುವುದರಿಂದ, ಬರೆದು ಬಂದವರು ಪ್ರಶ್ನೆಗಳನ್ನು ನೆನಪಿನಲ್ಲಿಟ್ಟುಕೊಂಡು ಬಂದು ಮಾರಬಹುದು. ಆದಕಾರಣ ಪ್ರಶ್ನೆಗಳ ಕಣಜ ದೊಡ್ಡದಾಗಿರಬೇಕು, ಹಳೆಯವು ಹೋಗಿ ಹೊಸವು ಬರುತ್ತಿರಬೇಕು. ಹೊಸ ಪ್ರಶ್ನೆಯ ಕಾಠಿಣ್ಯವನ್ನು ಅಳೆಯುವುದಕ್ಕಾಗಿ ಪ್ರತಿ ಅಭ್ಯರ್ಥಿಗೂ ಅಂಕವಿಲ್ಲದ 15 ಪ್ರಶ್ನೆಗಳನ್ನು ಬೆರೆಸಿ ಕೊಡುತ್ತಾರೆ. ಅವು ಯಾವುವೆಂದು ಅವರಿಗೆ ತಿಳಿಯದು. ಕ್ಲಿಷ್ಟವಾದ ಲೆಕ್ಕಕ್ಕೆ ನಾಲ್ಕೇ ಸೆಕೆಂಡಿನಲ್ಲಿ ಸರಿಯುತ್ತರ ಬಂದರೆ, ಅದು ತಲೆಯಲ್ಲಿ ಹುಟ್ಟಿತೋ ಮೊದಲೇ ಕಂಠಸ್ಥವಾಗಿತ್ತೋ ಎಂಬ ಸಂಶಯಕ್ಕೆ ಗಣಕಯಂತ್ರ ಬರೆದಿಟ್ಟ ಕಾಲವೇ ಆಧಾರವಾಗಬಲ್ಲುದು.

ಇದರ ಬೆಲೆಯನ್ನು ಪ್ರಾಮಾಣಿಕರೂ ತೆರುತ್ತಾರೆ. ಒಮ್ಮೆ ಒಪ್ಪಿಸಿದ ಉತ್ತರಕ್ಕೆ ಹಿಂದಿರುಗಿ ತಿದ್ದಿಕೊಳ್ಳುವಂತಿಲ್ಲ. ಎಷ್ಟು ಓದಿದ್ದರೂ ಪ್ರಶ್ನೆಗಳು ಕಠಿಣವಾಗುತ್ತಲೇ ಹೋಗಿ ಎದೆಗುಂದಿಸುತ್ತವೆ. ಬೆಂಗಳೂರಿನಲ್ಲಿಯೂ ಈ ಪರೀಕ್ಷೆಯ ಕೇಂದ್ರವಿರುವುದರಿಂದ ನಮ್ಮ ವಾಚಕರ ಅಕ್ಕಂದಿರೋ ತಂಗಿಯರೋ ಒಂದು ದಿನ ಅಲ್ಲಿ ಕುಳಿತಾರು. ಅವರಿಗೆ ಇದೊಂದನ್ನು ತಿಳಿಸಬಹುದು. ಈಗಿನ ಕ್ರಮದಲ್ಲಿ ಪರೀಕ್ಷೆ ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳದು. 85ನೆಯದಕ್ಕೇ ಯಂತ್ರ ನಿಂತುಹೋದರೆ ಸೋತೆವೆಂದು ತಿಳಿಯಬೇಕಾದುದಿಲ್ಲ. ಅಭ್ಯರ್ಥಿ ತೇರ್ಗಡೆಯ ಗೆರೆಯ ಮೇಲಿರುವಳೋ ಕೆಳಗಿರುವಳೋ ಎಂಬುದು ನೂರಕ್ಕೆ 95ರ ಖಚಿತತೆಯಿಂದ ಯಂತ್ರಕ್ಕೆ ಗೊತ್ತಾಯಿತೆಂದು ಮಾತ್ರ ಅದರ ಅರ್ಥ.