ಗಾಳಿ ಊದಿ ಗಾಳಿಯನ್ನೇ ಅಂಟಿಸುವವರು

ಅಂಗೈಯಲ್ಲಿ ಹಿಡಿಸುವಂಥ ಪುಟ್ಟ ಪೆಟ್ಟಿಗೆ. ಒಳಗೆ ಮೋಟಾರಿಲ್ಲ, ಕವಾಟವಿಲ್ಲ, ಅಲುಗಾಡುವ ಒಂದೇ ಒಂದು ಬಿಡಿಭಾಗವೂ ಇಲ್ಲ. ಆದರೂ ಈ ಕಡೆಯಿಂದ ನೆಟ್ಟಗೆ ಒಳಹೊಕ್ಕ ಗಾಳಿ ಆ ಕಡೆಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ, ಸೆಕೆಂಡಿಗೆ ನೂರಾರು ಸಲ ತೂಗಾಡುತ್ತ ಹೊರಬರುತ್ತದೆ! 2015ರಲ್ಲಿ ನಾಸಾ ಮತ್ತು ಬೋಯಿಂಗ್ ಎಂಜಿನಿಯರುಗಳು ಇಂಥ 31 ಸಾಧನಗಳನ್ನು ಒಂದು ಬೋಯಿಂಗ್ 757ರ ಬಾಲಕ್ಕೆ ಜೋಡಿಸಿ ಹಾರಿಸಿಯೇಬಿಟ್ಟರು. ಓಡಿಹೋಗುವ ಗಾಳಿಯನ್ನು ಹಿಡಿದು ನಿಲ್ಲಿಸಲು!

ಗಾಳಿ ಓಡಿಹೋಗುವುದೆಂದರೇನು? ವಿಮಾನ ಇಳಿಯುವಾಗ ರೆಕ್ಕೆಯ ಹಿಂಭಾಗದಿಂದ ಫ್ಲಾಪುಗಳು ಜಾರಿ ಹೊರಬಂದು ಕೆಳಕ್ಕೆ ಬಾಗುವುದನ್ನು ಕಿಟಕಿಯ ಪಕ್ಕ ಕೂತವರೆಲ್ಲ ನೋಡಿದ್ದೀರಿ. ವೇಗ ತಗ್ಗಿದರೂ ವಿಮಾನವನ್ನು ಎತ್ತಿ ಹಿಡಿಯಬೇಕಾದರೆ ರೆಕ್ಕೆ ಹೆಚ್ಚು ಬಾಗಬೇಕು. ಅದರ ಮೇಲೆ ಹರಿಯುವ ಗಾಳಿಯೂ ಜೊತೆಗೇ ಬಾಗಬೇಕು. ಇಲ್ಲೇ ಇದೆ ಪೇಚು. ಲೋಹಕ್ಕೆ ತಾಗಿ ಹರಿಯುವ ತೆಳುವಾದ ಗಾಳಿಪದರ ಘರ್ಷಣೆಯಿಂದ ಮೊದಲೇ ಬಸವಳಿದಿರುತ್ತದೆ. ಫ್ಲಾಪಿನ ತುದಿಯತ್ತ ಸಾಗಿದಂತೆ ಎದುರಿನ ಒತ್ತಡ ಏರುತ್ತ ಹೋಗುತ್ತದೆ. ಚಾರ್ಮಾಡಿ ಘಾಟಿಯ ಏರಿನಲ್ಲಿ ಸುಸ್ತಾದ ಸೈಕಲ್ ಸವಾರನಂತೆ ಈ ಪದರ ನಿಧಾನವಾಗಿ, ನಿಂತು, ಕೊನೆಗೆ ಹಿಮ್ಮುಖವಾಗಿ ಜಾರುತ್ತದೆ. ಮೇಲಿನ ಗಾಳಿಯೆಲ್ಲ ರೆಕ್ಕೆಯನ್ನು ಬಿಟ್ಟು ದೂರ ಸರಿಯುತ್ತದೆ. ಎತ್ತುವ ಬಲ ಕುಸಿಯುತ್ತದೆ, ಎಳೆತ ಹೆಚ್ಚುತ್ತದೆ. ಇಷ್ಟು ದೊಡ್ಡ ವಿಮಾನದ ಹಣೆಬರಹ ಅಷ್ಟು ತೆಳುವಾದ ಪದರದ ಕೈಯಲ್ಲಿ!

ಈ ಗುಟ್ಟನ್ನು ಹೊರಗೆಡವಿದ್ದು ಲುಡ್ವಿಗ್ ಪ್ರಾಂಟ್ಲ್ ಎಂಬ 29 ವರ್ಷದ ಜರ್ಮನ್ ಎಂಜಿನಿಯರ್, 1904ರ ಹೈಡೆಲ್‌ಬರ್ಗ್ ಗಣಿತ ಸಮ್ಮೇಳನದಲ್ಲಿ. ರೈಟ್ ಸೋದರರು ಹಾರಿ ಇನ್ನೂ ವರ್ಷ ತುಂಬಿರಲಿಲ್ಲ. ಕಾಯಿಲೆಯ ಜೊತೆಗೆ ಮದ್ದನ್ನೂ ಅವರು ಅಲ್ಲೇ ಮುಂದಿಟ್ಟಿದ್ದರು: ಹರಿವಿಗೆ ಅಡ್ಡವಾಗಿಟ್ಟ ಸಿಲಿಂಡರಿನ ಒಂದು ಬದಿಗೆ ಸಣ್ಣ ಸೀಳು ಕೊರೆದು ಸುಸ್ತಾದ ಪದರವನ್ನು ಒಳಕ್ಕೆ ಹೀರಿದರೆ, ಆ ಬದಿಯಲ್ಲಿ ಹರಿವು ಮೈಗೆ ಅಂಟಿಕೊಂಡೇ ಉಳಿಯುತ್ತದೆ!

ಈ ಪದರದ ಗೀಳು ಬೆಂಗಳೂರನ್ನೂ ಬಿಟ್ಟಿಲ್ಲ. ನಯವಾದ ಹರಿವು ಪ್ರಕ್ಷುಬ್ಧವಾಗುವ ಹೊತ್ತಿನಲ್ಲಿ ಪದರದೊಳಗೆ ಏನಾಗುತ್ತದೆ ಎಂಬುದರ ಮೇಲೆ ಇಲ್ಲಿನ ವಿಜ್ಞಾನಿಗಳಾದ ಸತೀಶ್ ಧವನ್ ಮತ್ತು ರೊದ್ದಂ ನರಸಿಂಹ 1958ರಲ್ಲಿ ಬರೆದ ಪ್ರಬಂಧವನ್ನು ಈ ವಿಷಯ ಓದುವವರು ಇಂದಿಗೂ ಹುಡುಕಿ ಓದುತ್ತಾರೆ. ಸೋಜಿಗವೆಂದರೆ, ಪ್ರಕ್ಷುಬ್ಧ ಪದರವೇ ಮೈಗೆ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ. ಅದರ ಸುಳಿಗಳು ಮೇಲಿನ ಚುರುಕು ಗಾಳಿಯನ್ನು ಕೆಳಕ್ಕೆ ಎಳೆದು ತರುತ್ತವಲ್ಲ, ಅದಕ್ಕೇ.

ಹೀರುವ ಬದಲು ಊದಿದರೂ ಆದೀತು. ನಮ್ಮ ವಾಯುಪಡೆಯಲ್ಲಿ ದಶಕಗಳ ಕಾಲ ದುಡಿದ ಮಿಗ್-21 ಬಿಸ್ ಇಳಿಯುವಾಗ ಎಂಜಿನ್ನಿನ ಗಾಳಿಯನ್ನೇ ಕದ್ದು ಫ್ಲಾಪುಗಳ ಮೇಲೆ ಚಿಮ್ಮುತ್ತಿತ್ತು. ಜಪಾನಿನ ಯುಎಸ್-2 ಕಡಲ ವಿಮಾನವಂತೂ ಈ ಊದುವ ಕೆಲಸಕ್ಕೆಂದೇ ಪ್ರತ್ಯೇಕ ಎಂಜಿನ್ ಹೊತ್ತು ಹಾರುತ್ತದೆ! ಅಷ್ಟು ಗಾಳಿಯನ್ನು ಪ್ರಯಾಣಿಕ ವಿಮಾನ ಎಲ್ಲಿಂದ ತರಬೇಕು?

ಆ ತೂಗಾಡುವ ಪೆಟ್ಟಿಗೆಗೆ ಬೆಲೆ ಬಂದದ್ದು ಇಲ್ಲಿ. ಒಳಹೊಕ್ಕ ಗಾಳಿಧಾರೆ ಒಂದು ಗೋಡೆಗೆ ಅಂಟಿಕೊಳ್ಳುತ್ತದೆ. ಅದರಲ್ಲೊಂದು ಪಾಲು ಪಕ್ಕದ ಓಣಿಯಿಂದ ಹಿಂದಕ್ಕೆ ಬಂದು ಧಾರೆಯ ಬುಡವನ್ನೇ ತಳ್ಳುತ್ತದೆ. ಧಾರೆ ಎದುರು ಗೋಡೆಗೆ ನೆಗೆಯುತ್ತದೆ. ಅಲ್ಲೂ ಅದೇ ಆಟ. ಕಾರಿನ ಗಾಜಿಗೆ ನೀರು ಬೀಸಿ ಚಿಮ್ಮುವ ಕೆಲವು ನಳಿಕೆಗಳ ಒಳಗಿರುವುದೂ ಇದೇ ತಂತ್ರ! ಧಾರೆ ಅತ್ತಿತ್ತ ಬೀಸುವುದರಿಂದ ಸ್ವಲ್ಪವೇ ಗಾಳಿ ಅಗಲವಾದ ಜಾಗವನ್ನು ಕಾಯುತ್ತದೆ, ಮೇಲಿನ ಚುರುಕು ಗಾಳಿಯನ್ನೂ ಕಲಸುತ್ತದೆ.

ಬಾಲವನ್ನು ಆರಿಸಿದ್ದಕ್ಕೆ ಕಾರಣವಿದೆ. ಅಲ್ಲಿನ ರಡ್ಡರ್ ಎಂಬುದು ನೆಟ್ಟಗೆ ನಿಂತ ಫ್ಲಾಪೇ. ಮೇಲೇರುವಾಗ ಒಂದು ಎಂಜಿನ್ ಕೈಕೊಟ್ಟರೆ ವಿಮಾನ ಪಕ್ಕಕ್ಕೆ ತಿರುಗದಂತೆ ತಡೆಯಬೇಕೆಂದೇ ಬಾಲವನ್ನು ಅಷ್ಟು ದೊಡ್ಡದಾಗಿ ಕಟ್ಟುತ್ತಾರೆ. ಉಳಿದ ಹೊತ್ತೆಲ್ಲ ಆ ಹೆಚ್ಚುವರಿ ಗಾತ್ರ ಬರೀ ಹೊರೆ. 2013ರಲ್ಲಿ ನಾಸಾದ ಏಮ್ಸ್ ಕೇಂದ್ರದವರು ಹಳೆಯ 757ರ ಇಡೀ ಬಾಲವನ್ನೇ ತಂದು 40 ಅಡಿ ಎತ್ತರ, 80 ಅಡಿ ಅಗಲದ ಗಾಳಿಸುರಂಗದೊಳಗೆ ನಿಲ್ಲಿಸಿದರು. ರಡ್ಡರನ್ನು ಪೂರ್ತಿ ಬಾಗಿಸಿ ಊದಿದರು. ಪಕ್ಕಕ್ಕೆ ತಳ್ಳುವ ಬಲ ಶೇ. 20ಕ್ಕೂ ಹೆಚ್ಚು ಏರಿತು!

ಈಗ ಕಣ್ಣು ಮತ್ತೆ ರೆಕ್ಕೆಯ ಮೇಲೆ. ಇಂದಿನ ಫ್ಲಾಪುಗಳು ಜಾರಿ ಹೊರಬರಲು ಬೇಕಾದ ಹಳಿ, ಸನ್ನೆಕೋಲುಗಳನ್ನು ಮುಚ್ಚಲು ರೆಕ್ಕೆಯಡಿ ದೋಣಿಯಾಕಾರದ ಗೂಡುಗಳಿವೆ. ಇಳಿಯುವ ಕೆಲವೇ ನಿಮಿಷಗಳಿಗಾಗಿ ಅವು ಹಾರಾಟದುದ್ದಕ್ಕೂ ಗಾಳಿಗೆ ಅಡ್ಡ ನಿಂತು ಇಂಧನ ತಿನ್ನುತ್ತವೆ. ಬಾಗಿಲಿನಂತೆ ಬರೀ ತಿರುಗಣಿಯ ಮೇಲೆ ಬಾಗುವ ಸರಳ ಫ್ಲಾಪಿಗೆ ಗಾಳಿ ಊದಿ ಅದೇ ಬಲ ಪಡೆಯಬಹುದೇ? ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ಪ್ರಯಾಣಿಕ ವಿಮಾನದ ಹತ್ತನೇ ಒಂದರಷ್ಟಿರುವ ಮಾದರಿಯನ್ನು ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿದ್ದು ಇದನ್ನೇ. ಬಲ ಹುಟ್ಟುತ್ತದೆ, ಅದರಲ್ಲಿ ಅನುಮಾನವಿಲ್ಲ. ಜಗಳವೆಲ್ಲ ಎಷ್ಟು ಕಡಿಮೆ ಗಾಳಿಯಲ್ಲಿ ಎಂಬುದರ ಮೇಲೆ: ಎಂಜಿನ್ನಿನಿಂದ ಕದಿಯುವ ಗಾಳಿ, ಹೊತ್ತೊಯ್ಯುವ ಕೊಳವೆಗಳ ತೂಕ, ಇವೆರಡೂ ಸೇರಿ ಆ ದೋಣಿಗೂಡುಗಳನ್ನು ಕಳಚಿದ್ದರಿಂದ ಬಂದ ಲಾಭವನ್ನು ನುಂಗಿಬಿಡಬಾರದು.